ಮಸ್ಕತ್ ಬಂದರದಲ್ಲಿ ಹೊಲಿದ ಹಡಗು

ಕಾಶಿಯ ಶಿವಾಲ ಘಟ್ಟದಿಂದ ಕರ್ನಾಟಕ ಘಟ್ಟಕ್ಕೆ ಗಂಗೆಯ ಮೆಟ್ಟಿಲುಗಳ ಮೇಲೆಯೇ ನಡೆದು ಹೋದರೆ ಕೆಲವೇ ನಿಮಿಷಗಳ ದಾರಿ. ಈ ನಡುವಣ ದಂಡೆಯಲ್ಲಿ ಎರಡು ನೋಟಗಳು ಪರಿಚಿತವಾದವು. ಒಂದು, ದಕ್ಷಿಣದಿಂದ ಬಂದ ಯಾತ್ರಿಕನು ಸಂಕಲ್ಪದಲ್ಲಿ ತನ್ನ ಗೋತ್ರವನ್ನು ಹೇಳಿಕೊಳ್ಳುವುದು. ಇನ್ನೊಂದು, ಅಂಬಿಗರು ದೋಣಿಯನ್ನು ದಡಕ್ಕೆಳೆದು ಹಲಗೆಗಳ ಸಂದನ್ನು ತುಂಬಿ, ಮೊಳೆ ಬಡಿದು ದುರಸ್ತಿ ಮಾಡುವುದು. ಅಲ್ಲಿ ಕೇಳಿಬರುವ ಗೋತ್ರನಾಮಗಳಲ್ಲಿ ಕೌಂಡಿನ್ಯವೂ ಒಂದು. ಅದೇ ಹೆಸರನ್ನು ಹೊತ್ತ, ಆದರೆ ಹಲಗೆಗೆ ಹಲಗೆಯನ್ನು ಮೊಳೆಯಿಂದಲ್ಲದೆ ಹುರಿಯಿಂದ ಹೊಲಿದು ಕಟ್ಟಿದ ಹಡಗೊಂದು, 2026ನೆಯ ಇಸವಿಯ ಜನವರಿ 14ರಂದು, ಮಕರಸಂಕ್ರಾಂತಿಯ ದಿನವೇ, ಒಮಾನ್ ದೇಶದ ಮಸ್ಕತ್ ಬಂದರನ್ನು ಸೇರಿತು. ಅದರ ಪಟದ ಮೇಲೆ ಗಂಡಭೇರುಂಡದ ಚಿತ್ರವಿದ್ದಿತು. ಅದು ಭಾರತದ ನೌಕಾಪಡೆಗೆ ಸೇರಿದ್ದು 2025ರ ಮೇ 21ರಂದು, ಕಾರವಾರದ ನೌಕಾನೆಲೆಯಲ್ಲಿ. ಈ ಎರಡು ಕಾರಣಗಳಿಂದಲೇ ಕನ್ನಡಿಗರು ಇದನ್ನು ತಮ್ಮ ಹಡಗೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಗಂಡಭೇರುಂಡಕ್ಕಿಂತಲೂ ಗಟ್ಟಿಯಾದ ಸಂಬಂಧವೊಂದು ಕನ್ನಡ ಕರಾವಳಿಗೂ ಈ ಪಯಣಕ್ಕೂ ಉಂಟು. ಅದನ್ನು ವಿವರಿಸುವುದಕ್ಕೆ ಮೊದಲು ಹಡಗಿನ ವಿಚಾರವನ್ನು ಸ್ವಲ್ಪ ತಿಳಿಯಬೇಕು.

ಯಂತ್ರದ ಕಾಲದಲ್ಲಿ ಯುದ್ಧನೌಕೆಗಳ ಒಡೆಯರು ಹಾಯಿಹಡಗುಗಳನ್ನು ಏಕೆ ಸಾಕುತ್ತಾರೆಂಬ ಪ್ರಶ್ನೆ ಸಹಜವಾದದ್ದು. ಗಾಳಿಯ ದಿಕ್ಕು, ಅಲೆಯ ಏರಿಳಿತ, ಹಗ್ಗದ ಬಿಗಿ ಇವುಗಳನ್ನು ಮೈಯಿಂದ ಅರಿತವನು ಮಾತ್ರ ಪೂರ್ಣ ನಾವಿಕನೆಂಬ ನಂಬಿಕೆ ಹಲವು ದೇಶಗಳ ನೌಕಾಪಡೆಗಳಲ್ಲಿ ಉಳಿದುಕೊಂಡಿದೆ. ಭಾರತದಲ್ಲಿ ಈ ಉದ್ದೇಶಕ್ಕಾಗಿ 1997ರಲ್ಲಿ 'ತರಂಗಿಣಿ'ಯೂ 2012ರಲ್ಲಿ 'ಸುದರ್ಶಿನಿ'ಯೂ ಸೇವೆಗೆ ಬಂದವು. ಎರಡೂ ಗೋವೆಯಲ್ಲಿ ನಿರ್ಮಾಣವಾದ, ಮೂರು ಕೂವೆಗಂಬಗಳ, ಇಪ್ಪತ್ತು ಪಟಗಳ, 54 ಮೀಟರು ಉದ್ದದ ಉಕ್ಕಿನ ಹಡಗುಗಳು. ತರಂಗಿಣಿಯು 2003ರ ಜನವರಿಯಲ್ಲಿ ಕೊಚ್ಚಿಯಿಂದ ಹೊರಟು ಭೂಪ್ರದಕ್ಷಿಣೆ ಮಾಡಿ 2004ರ ಏಪ್ರಿಲ್‌ನಲ್ಲಿ ಮರಳಿತು. ಸುದರ್ಶಿನಿಯು 2012–13ರಲ್ಲಿ ಆಗ್ನೇಯ ಏಷ್ಯದ ಒಂಬತ್ತು ದೇಶಗಳ ಬಂದರುಗಳನ್ನು ಕಂಡು ಬಂದಿತು. ಒಮಾನಿನ ನೌಕಾಪಡೆಗೂ 'ಶಬಾಬ್ ಒಮಾನ್' ಎಂಬ ಹೆಸರಿನ ಇಂಥ ಶಿಕ್ಷಣನೌಕೆಯುಂಟು. ಇಂಥ ಹಡಗುಗಳು ಪರದೇಶದ ಬಂದರಿಗೆ ಹೋಗುವುದು ಅರ್ಧ ಶಿಕ್ಷಣ, ಅರ್ಧ ಸೌಹಾರ್ದ. ಫಿರಂಗಿ ತೋರಿಸದೆ ಧ್ವಜ ತೋರಿಸುವ ಸೌಮ್ಯವಾದ ಉಪಾಯ.

ಕೌಂಡಿನ್ಯವು ಈ ಗುಂಪಿಗೆ ಸೇರಿಯೂ ಸೇರದ ಹಡಗು. ತರಂಗಿಣಿಯಲ್ಲಿ ಹಾಯಿಯ ಜೊತೆಗೆ ಎಂಜಿನ್ನೂ ಇದೆ, ಚುಕ್ಕಾಣಿಯೂ ಇದೆ. ಕೌಂಡಿನ್ಯದಲ್ಲಿ ಇವೆರಡೂ ಇಲ್ಲ. ಅದರ ಮಾದರಿಯನ್ನು ಅಜಂತೆಯ ಕ್ರಿ. ಶ. ಐದನೆಯ ಶತಮಾನದ ಚಿತ್ರವೊಂದರಿಂದ ಪಡೆಯಲಾಯಿತು. ಸಂಸ್ಕೃತಿ ಇಲಾಖೆ, ನೌಕಾಪಡೆ ಮತ್ತು ಗೋವೆಯ ಹೋಡಿ ಎಂಬ ನೌಕಾನಿರ್ಮಾಣ ಸಂಸ್ಥೆ, ಈ ಮೂವರ ನಡುವೆ 2023ರ ಜುಲೈನಲ್ಲಿ ಒಪ್ಪಂದವಾಯಿತು. ಆ ವರ್ಷದ ಸೆಪ್ಟೆಂಬರ್ 12ರಂದು ತಳಮರವನ್ನು ಇರಿಸಲಾಯಿತು. 2025ರ ಫೆಬ್ರವರಿಯಲ್ಲಿ ಹಡಗು ನೀರಿಗಿಳಿಯಿತು. ಉದ್ದ ಸುಮಾರು 20 ಮೀಟರು. ಪ್ರಾಚೀನ ನೌಕೆಯ ನಕ್ಷೆಯಾಗಲಿ ಅಳತೆಯಾಗಲಿ ಎಲ್ಲಿಯೂ ಉಳಿದಿಲ್ಲವಾದ್ದರಿಂದ ಚಿತ್ರವೊಂದನ್ನೇ ನೋಡಿ ಅಳತೆಗಳನ್ನು ಊಹಿಸಬೇಕಾಯಿತು. ಹೀಗೆ ಊಹಿಸಿದ ಒಡಲು ನೀರಿನಲ್ಲಿ ಹೇಗೆ ವರ್ತಿಸೀತೆಂಬುದನ್ನು ಮದರಾಸಿನ ಐ. ಐ. ಟಿ.ಯ ಸಾಗರ ಎಂಜಿನಿಯರಿಂಗ್ ವಿಭಾಗದವರು ಮಾದರಿಯ ಮೇಲೆ ಪರೀಕ್ಷಿಸಿದರು.

ಕಟ್ಟಿದವರು ಮಾತ್ರ ನಕ್ಷೆ ಓದುವ ವಿದ್ಯೆಯವರಲ್ಲ. ಕೇರಳದ ಬಾಬು ಶಂಕರನ್ ಎಂಬ ಹಿರಿಯ ನೌಕಾಶಿಲ್ಪಿಯೂ ಅವರ ಕೈಕೆಳಗಿನ ಕುಶಲಿಗಳೂ ಹಲಗೆಗಳನ್ನು ಹಬೆಯಲ್ಲಿ ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿ ಹೊಲಿದರು. ಈ ಹೊಲಿಗೆಯ ಕ್ರಮ ಹೀಗೆ: ಎರಡು ಹಲಗೆಗಳ ಅಂಚಿನ ಉದ್ದಕ್ಕೂ ಎದುರುಬದುರಾಗಿ ರಂಧ್ರಗಳನ್ನು ಕೊರೆಯುತ್ತಾರೆ, ಸಂದಿನ ಮೇಲೆ ತೆಂಗಿನ ನಾರಿನ ದಪ್ಪ ಸುರುಳಿಯನ್ನು ಒತ್ತುತ್ತಾರೆ, ಕತ್ತದ ಹುರಿಯನ್ನು ರಂಧ್ರಗಳ ಮೂಲಕ ಅಡ್ಡಡ್ಡವಾಗಿ ಎಳೆದು, ನಾರಿನ ಸುರುಳಿ ಸಂದಿಗೆ ಕಚ್ಚಿಕೊಳ್ಳುವಂತೆ ಬಿಗಿಯುತ್ತಾರೆ, ಅನಂತರ ರಂಧ್ರಗಳನ್ನು ಮುಚ್ಚಿ ರಾಳ ಮತ್ತು ಮೀನೆಣ್ಣೆಗಳ ಲೇಪ ಕೊಡುತ್ತಾರೆ. ಕೇಳುವುದಕ್ಕೆ ಸುಲಭ. ಹುರಿಯನ್ನು ಎಷ್ಟು ಬಿಗಿಯಬೇಕೆಂಬುದೇ ಇದರ ಮರ್ಮ. ಸಡಿಲವಾದರೆ ನೀರು ಒಸರುತ್ತದೆ. ಅತಿಯಾದರೆ ಅಂಚು ಸೀಳುತ್ತದೆ. ಇದು ಯಾವ ಗ್ರಂಥದಲ್ಲಿಯೂ ದೊರೆಯದ, ಕೈಯಿಂದ ಕೈಗೆ ಮಾತ್ರ ಸಾಗುವ ಅಳತೆ.

ಮೊಳೆಯಿದ್ದೂ ಮೊಳೆ ಬಳಸದಿರುವುದಕ್ಕೆ ಹಿಂದಿನವರು ಕೊಟ್ಟ ಕಾರಣಗಳು ವಿನೋದಕರವಾಗಿವೆ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವು, ಸಮುದ್ರದಲ್ಲಿ ಅಯಸ್ಕಾಂತ ಶಿಲೆಗಳಿರುವುದರಿಂದ ಕಡಲಿಗೆ ಹೋಗುವ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದೆನ್ನುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತನ ವಿವರಣೆಯೇ ಹೆಚ್ಚು ಯುಕ್ತವಾದದ್ದು: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಳುಕಿ ಉಳಿಯುತ್ತದೆ ಎಂಬುದು ಅವನ ಅಭಿಪ್ರಾಯ. ಮಾರ್ಕೊ ಪೋಲೊ ಮಾತ್ರ ಹೊರ್ಮುಜಿನಲ್ಲಿ ಇಂಥವನ್ನು ಕಂಡು ಇವು ಬಲು ಕೆಟ್ಟ ಹಡಗುಗಳೆಂದು ಬರೆದಿಟ್ಟನು. ಅಳಿವೆಯ ಮರಳುದಿಬ್ಬಗಳನ್ನು ದಾಟಿ, ನೊರೆಯಲೆಗಳ ನಡುವೆ ದಡಕ್ಕೆ ಬೀಳಬೇಕಾದ ನೌಕೆಗೆ ಬಳುಕುವ ಒಡಲು ಎಷ್ಟು ಅನುಕೂಲವೆಂಬುದು ವೆನಿಸ್ಸಿನವನಿಗೆ ಹೊಳೆಯದಿದ್ದುದು ಸಹಜ.

2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಕೌಂಡಿನ್ಯವು ಹೊರಟಿತು. ನಾಲ್ವರು ಅಧಿಕಾರಿಗಳು, ಹದಿಮೂವರು ನಾವಿಕರು. ಹಡಗಿನ ನಾಯಕರು ಕಮಾಂಡರ್ ವಿಕಾಸ್ ಶೆಯೊರಾನ್. ಯೋಜನೆಯ ಆರಂಭದಿಂದಲೂ ಜೊತೆಗಿದ್ದ ಕಮಾಂಡರ್ ವೈ. ಹೇಮಂತ್ ಕುಮಾರ್ ಅವರೂ, ಈ ಯೋಜನೆಯನ್ನು ಪ್ರತಿಪಾದಿಸುತ್ತ ಬಂದ ಇತಿಹಾಸ ಲೇಖಕ ಸಂಜೀವ್ ಸನ್ಯಾಲ್ ಅವರೂ ಹಡಗಿನಲ್ಲಿದ್ದರು. ಮಲಗಲು ಕೋಣೆಗಳಿಲ್ಲ. ದಿಕ್ಕು ತಿರುಗಿಸಲು ಹಿಂಬದಿಯ ಎರಡು ಪಕ್ಕಗಳಲ್ಲಿ ಇಳಿಬಿಟ್ಟ ದೊಡ್ಡ ಹುಟ್ಟುಗಳೇ ಆಧಾರ. ಹದಿನೇಳನೆಯ ದಿನ ಮಸ್ಕತ್ತಿನ ಸುಲ್ತಾನ್ ಕಾಬೂಸ್ ಬಂದರನ್ನು ಮುಟ್ಟಿದಾಗ ಕೇಂದ್ರ ಸಚಿವ ಸರ್ಬಾನಂದ ಸೋನೋವಾಲ್ ಅವರೂ ಒಮಾನಿನ ಅಧಿಕಾರಿಗಳೂ ಸ್ವಾಗತಿಸಿದರು. ನೇರ ರೇಖೆಯಲ್ಲಿ ಈ ದೂರ ಸಾವಿರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಲೆಕ್ಕ ಹಾಕಿದರೆ ಸರಾಸರಿ ವೇಗ ಕಾಲ್ನಡಿಗೆಯವನ ವೇಗವನ್ನೂ ಮೀರುವುದಿಲ್ಲ. ಇದರಲ್ಲಿ ನಗುವಂಥದೇನೂ ಇಲ್ಲ. ಚೌಕಪಟದ ಹಡಗು ಗಾಳಿಗೆ ಎದುರಾಗಿ ನುಗ್ಗಲಾರದು. ಗಾಳಿ ಸತ್ತರೆ ಇದ್ದಲ್ಲಿಯೇ ತೇಲಬೇಕು. ಆದಕಾರಣವೇ ಪ್ರಾಚೀನರು ಋತುವನ್ನು ಕಾದರು. ಕಾರ್ತಿಕದಿಂದ ಫಾಲ್ಗುಣದವರೆಗೆ ಬೀಸುವ ಈಶಾನ್ಯದ ಗಾಳಿ ಹಡಗನ್ನು ಅರಬಸ್ಥಾನದತ್ತ ಒಯ್ಯುತ್ತದೆ. ನೈರುತ್ಯದ ಗಾಳಿ, ಅದರ ಉಗ್ರತೆ ಕಡಲನ್ನು ಮುಚ್ಚುವುದಕ್ಕೆ ಮೊದಲೋ ಇಳಿದ ಮೇಲೋ, ಮರಳಿ ತರುತ್ತದೆ. ಹಿಂದಿನ ವರ್ತಕನು ಪರದೇಶದ ಬಂದರಿನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತಿದ್ದುದು ವ್ಯಾಪಾರದ ಲೋಭದಿಂದಲ್ಲ, ಗಾಳಿಯ ಅಪ್ಪಣೆಯಿಂದ. ಆ ತಿಂಗಳುಗಳಲ್ಲಿಯೇ ಭಾಷೆಗಳು ಕಲಿತವು, ಮನೆಗಳು ಕಟ್ಟಿದವು, ದೇವಾಲಯ ಮಸೀದಿಗಳು ಎದ್ದವು. ಇಂದಿನ ಪ್ರವಾಸಿ ಕನ್ನಡಿಗನಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೌಂಡಿನ್ಯವು ಹೊಕ್ಕ ಬಂದರು ಹೊಲಿದ ಹಡಗನ್ನು ಕಾಣದ ಬಂದರಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿಯು ಒಮಾನಿನ ಸೂರ್ ಪಟ್ಟಣದಲ್ಲಿ 'ಸೊಹಾರ್' ಎಂಬ ಹೊಲಿದ ಹಡಗನ್ನು ಕಟ್ಟಿಸಿ ಚೀನದವರೆಗೂ ಹಾಯಿಸಿದನು. ಅದರ ಮರ ಮಲಬಾರಿನದು; ಹೊಲಿದ ಕೈಗಳಲ್ಲಿ ಲಕ್ಷದ್ವೀಪದವು ಇದ್ದವು. 1998ರಲ್ಲಿ ಇಂಡೋನೇಷ್ಯದ ಬೆಲಿತುಂಗ್ ದ್ವೀಪದ ಬಳಿ ದೊರೆತ ಒಂಬತ್ತನೆಯ ಶತಮಾನದ ಹಡಗಿನ ಅವಶೇಷವನ್ನು ಅನುಸರಿಸಿ ಒಮಾನಿನವರು 'ಮಸ್ಕತ್ತಿನ ರತ್ನ' ಎಂಬ ಅರ್ಥದ ಹೆಸರಿನ ಇನ್ನೊಂದು ಹಡಗನ್ನು ನಿರ್ಮಿಸಿ 2010ರಲ್ಲಿ ಕೊಚ್ಚಿಯ ಮಾರ್ಗವಾಗಿ ಸಿಂಗಪುರಕ್ಕೆ ಕಳುಹಿಸಿದರು. ಅದರ ಹೊಲಿಗೆಯಲ್ಲಿಯೂ ಕೇರಳದ ಹುರಿಗಾರರ ಪಾಲಿತ್ತು. ಸಾವಿರ ವರ್ಷಗಳ ಹಿಂದೆ ಸೀರಾಫಿನ ಅಬೂ ಜೈದನು ಬರೆದಿರುವುದೂ ಇದನ್ನೇ: ಒಮಾನಿನವರು ತೆಂಗು ಬೆಳೆಯುವ ದ್ವೀಪಗಳಿಗೆ ಹೋಗಿ ಅದೇ ಮರದಿಂದ ಹಲಗೆ, ಅದೇ ನಾರಿನಿಂದ ಹುರಿ, ಅದರಿಂದಲೇ ಹಾಯಿ ಮಾಡಿಕೊಂಡು, ಹಡಗು ಕಟ್ಟಿ, ಅದರ ಕಾಯನ್ನೇ ತುಂಬಿಕೊಂಡು ಮರಳುತ್ತಿದ್ದರು. ಆದಕಾರಣ, ಭಾರತವು ತನ್ನ ಪ್ರಾಚೀನ ನೌಕಾವಿದ್ಯೆಯನ್ನು ಅರಬರಿಗೆ ತೋರಿಸಲು ಹೋಯಿತೆಂದು ಈ ಭೇಟಿಯನ್ನು ವರ್ಣಿಸುವುದು ಸರಿಯಾಗದು. ತೆಂಗೂ ಹುರಿಯೂ ಈ ಕಡೆಯವು, ದೂರದ ಹಾದಿಗಳನ್ನು ಪಳಗಿಸಿದ ನಾವಿಕರು ಎರಡೂ ಕಡೆಯವರು. ವಿದ್ಯೆ ಕಡಲಿನದು.

ಕನ್ನಡ ಕರಾವಳಿಯ ಪಾಲು ಇಲ್ಲಿ ಆರಂಭವಾಗುತ್ತದೆ. ಕನ್ನಡಿಗರ ಕಡಲಿನ ಮಾತೆತ್ತಿದೊಡನೆ ಐಹೊಳೆಯ ಶಾಸನವನ್ನು ನೆನೆಯುವುದು ರೂಢಿ. ಎರಡನೆಯ ಪುಲಕೇಶಿಯು ನೂರಾರು ನೌಕೆಗಳಿಂದ ಪುರಿಯನ್ನು ಮುತ್ತಿದನೆಂದು ರವಿಕೀರ್ತಿ ಹೇಳಿರುವುದು ಸರಿಯೆ. ಆದರೆ ಯುದ್ಧಕ್ಕಿಂತ ಅಕ್ಕಿಯ ಕಥೆ ದೀರ್ಘವಾದದ್ದು. ಮಂಗಳೂರು, ಬಾರಕೂರು, ಬಸರೂರು, ಹೊನ್ನಾವರಗಳ ಅಕ್ಕಿ ಹದಿನಾರನೆಯ ಶತಮಾನದಿಂದ ಹೊರ್ಮುಜ್ ಮತ್ತು ಮಸ್ಕತ್ತುಗಳ ಜನರನ್ನು ಪೋಷಿಸಿತು. ಆ ಕಡೆಯಿಂದ ಕುದುರೆಗಳು ಭಟ್ಕಳ ಹೊನ್ನಾವರಗಳಲ್ಲಿಳಿದು ವಿಜಯನಗರಕ್ಕೆ ನಡೆದವು. ಬೆಳೆ ಬೆಳೆಯದ ಬಂಡೆಯ ನಾಡಿಗೂ ಕುದುರೆ ಹುಟ್ಟದ ಮಳೆಯ ನಾಡಿಗೂ ಇದಕ್ಕಿಂತ ಸಹಜವಾದ ನಂಟು ಯಾವುದು? ಈ ಅಕ್ಕಿಯ ಮೇಲೆ ಹತೋಟಿ ಪಡೆಯಲೆಂದೇ ಪೋರ್ಚುಗೀಸರು 1568–69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಾಕಿದರು. ಅವರು ಮಸ್ಕತ್ತನ್ನು ಕಳೆದುಕೊಂಡದ್ದು 1650ರಲ್ಲಿ. ಕೆಳದಿಯ ಶಿವಪ್ಪನಾಯಕನು ಅವರನ್ನು ಕನ್ನಡ ಕರಾವಳಿಯ ಕೋಟೆಗಳಿಂದ ಹೊರಗಟ್ಟಿದ್ದು ಅದಾದ ನಾಲ್ಕೈದು ವರ್ಷಗಳೊಳಗೆ. ಒಂದೇ ಹಗ್ಗದ ಎರಡು ತುದಿಗಳು ಹೀಗೆ ಬೆನ್ನುಬೆನ್ನಿಗೆ ಬಿಚ್ಚಿಕೊಂಡದ್ದನ್ನು ನಮ್ಮ ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿರುತ್ತವೆ.

ಟಿಪ್ಪುಸುಲ್ತಾನನ ಕಾಲದಲ್ಲಿ ಮಸ್ಕತ್ತಿನಲ್ಲಿ ಮೈಸೂರಿನ ಸ್ವಂತ ಕೋಠಿಯೇ ಇದ್ದಿತು. ಅಲ್ಲಿನ ದರೋಗನಾದ ಮೀರ್ ಕಾಜಿಮನಿಗೆ ಸುಲ್ತಾನನು ಬರೆಸಿದ ಪತ್ರಗಳಲ್ಲಿ ಅಕ್ಕಿ, ಮೆಣಸು, ಶ್ರೀಗಂಧಗಳ ಮಾರಾಟದ ವಿಚಾರವಿದೆ. ರೇಷ್ಮೆಹುಳುವನ್ನು ಕಳುಹಿಸು, ಮುತ್ತು ತೆಗೆಯುವ ಮುಳುಗಾಳುಗಳನ್ನು ಕಳುಹಿಸು ಎಂಬ ಅಪ್ಪಣೆಗಳಿವೆ. 1786ರ ಮಾರ್ಚ್‌ನಲ್ಲಿ ಇಸ್ತಾಂಬುಲಿಗೆ ಹೊರಟ ಅವನ ರಾಯಭಾರಿಗಳು ಸುಮಾರು ಒಂಬೈನೂರು ಜನರ ಪರಿವಾರದೊಡನೆ ನಾಲ್ಕು ಹಡಗುಗಳನ್ನೇರಿದ್ದು ಅಘನಾಶಿನಿಯ ಅಳಿವೆಯ ತದಡಿ ಬಂದರಿನಲ್ಲಿ, ಅಂದರೆ ಗೋಕರ್ಣದ ನೆರೆಯಲ್ಲಿ. ಅವರು ಕಂಡ ಮೊದಲ ದೊಡ್ಡ ಪರದೇಶದ ಬಂದರು ಮಸ್ಕತ್ತೇ. ಆ ಪರಿವಾರದ ಖ್ವಾಜಾ ಅಬ್ದುಲ್ ಕಾದಿರನು ಪಾರಸಿಯಲ್ಲಿ ಬರೆದಿಟ್ಟ ದಿನಚರಿ ಉಳಿದಿದೆ. ಆ ಯಾತ್ರೆ ರೋಗದಿಂದಲೂ ನೌಕಾನಷ್ಟದಿಂದಲೂ ದುರಂತದಲ್ಲಿ ಮುಗಿಯಿತು; ಮರಳಿದವರು ಕೆಲವರೇ. ಹಡಗುಗಳು ಎಲ್ಲಿ ಹೊರಟವು, ಯಾವ ಗಾಳಿಗೆ ಕಾದವು ಎಂಬುದು ರಾಜತಂತ್ರದ ಇತಿಹಾಸದಲ್ಲಿ ಒಂದು ಸಾಲಿನ ಮಾತಾಗಿ ಹೋಗುತ್ತದೆ. ಕೌಂಡಿನ್ಯದ ಪಯಣವಾದ ಮೇಲೆ ಅಂಥ ಸಾಲುಗಳನ್ನು ಓದುವ ಕಣ್ಣು ಸ್ವಲ್ಪ ಬದಲಾಗಬೇಕು.

ಇನ್ನು ಹೆಸರಿನ ವಿಚಾರ. ಮೂರನೆಯ ಶತಮಾನದಲ್ಲಿ ಚೀನದ ವೂ ರಾಜ್ಯದಿಂದ ಮೆಕಾಂಗ್ ನದೀಮುಖದ ಫೂನಾನ್ ರಾಜ್ಯಕ್ಕೆ ಹೋದ ಕಾಂಗ್ ತಾಯ್ ಎಂಬ ದೂತನು, ಪರದೇಶದಿಂದ ಹಡಗಿನಲ್ಲಿ ಬಂದು ಅಲ್ಲಿನ ರಾಣಿಯನ್ನು ಗೆದ್ದು ವರಿಸಿದ ಪುರುಷನೊಬ್ಬನ ಕಥೆಯನ್ನು ಕೇಳಿ ಬಂದನು. ಚೀನೀ ಲಿಪಿಯಲ್ಲಿರುವ ಅವನ ಹೆಸರನ್ನು ವಿದ್ವಾಂಸರು ಕೌಂಡಿನ್ಯನೆಂದು ಓದುತ್ತಾರೆ. ಕ್ರಿ. ಶ. 658ರ ಚಂಪಾದೇಶದ ಸಂಸ್ಕೃತ ಶಾಸನವು, ಅಶ್ವತ್ಥಾಮನಿಂದ ಪಡೆದ ಭರ್ಜಿಯನ್ನು ಕೌಂಡಿನ್ಯನೆಂಬ ಬ್ರಾಹ್ಮಣನು ನೆಲದಲ್ಲಿ ನೆಟ್ಟನೆಂದೂ ಸೋಮಾ ಎಂಬ ನಾಗಕನ್ಯೆಯನ್ನು ಮದುವೆಯಾದನೆಂದೂ ಹೇಳುತ್ತದೆ. ಅವನು ಭಾರತದ ಯಾವ ತೀರದವನೆಂದು ನಿರ್ಣಯಿಸಲು ಆಧಾರ ಸಾಲದು. ನಮ್ಮವನೆಂದು ಹೇಳಿಕೊಳ್ಳಲು ಪ್ರತಿಯೊಂದು ತೀರವೂ ಸಿದ್ಧವಾಗಿರುವಾಗ ಕನ್ನಡಿಗರು ಆ ಸಾಲಿನಲ್ಲಿ ನಿಲ್ಲದಿರುವುದೇ ಗೌರವ. ಘಟ್ಟದ ಮೇಲೆ ಕೌಂಡಿನ್ಯಗೋತ್ರವನ್ನು ಉಚ್ಚರಿಸುವ ಯಾತ್ರಿಕನಿಗೆ ಈ ನಾವಿಕನು ಪೂರ್ವಜನೆನ್ನುವುದಕ್ಕೂ ಪ್ರಮಾಣವಿಲ್ಲ.

ಹೀಗಿದ್ದರೂ ಒಂದು ವೈಚಿತ್ರ್ಯವುಂಟು. ದ್ವಿಜರಿಗೆ ಸಮುದ್ರಯಾನವು ಕಲಿವರ್ಜ್ಯವೆಂದು ನಿಬಂಧಕಾರರು ವಿಧಿಸಿದರು. ಅವರಿಗಿಂತ ಬಹು ಹಿಂದಿನ ಬೌಧಾಯನನು ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಎಣಿಸಿದ್ದಲ್ಲದೆ, ದೇಶಾಚಾರಗಳ ಪಟ್ಟಿಯಲ್ಲಿ ಅದನ್ನು ಉತ್ತರದವರ ಆಚಾರವೆಂದು ಸೇರಿಸಿದ್ದಾನೆ. ಸೋದರಮಾವನ ಮಗಳನ್ನು ಮದುವೆಯಾಗುವುದು ದಕ್ಷಿಣದವರ ಪಾಲಿಗೆ ಬಂದಿದೆ. ಕಾಶಿಗೂ ಕಡಲಿನ ಕಥೆಗಳಿಗೂ ದೂರವಿರಲಿಲ್ಲವೆಂಬುದಕ್ಕೆ 'ಸಮುದ್ದವಾಣಿಜ' ಜಾತಕವು ಸಾಕ್ಷಿ. ವಾರಾಣಸಿಯ ಬಳಿಯ ಸಾವಿರ ಮನೆಗಳ ಬಡಗಿಗಳ ಊರೊಂದರವರು, ಮಂಚ ಪೀಠಗಳನ್ನು ಮಾಡಿಕೊಡುವೆವೆಂದು ಹಣ ಪಡೆದು ಸಾಲಗಾರರ ಕಾಟಕ್ಕೆ ಸಿಕ್ಕಿ, ಕಾಡಿನಲ್ಲಿ ಮರ ಕಡಿದು ದೊಡ್ಡ ನೌಕೆಯನ್ನು ಕಟ್ಟಿ, ಅರ್ಧರಾತ್ರಿಯಲ್ಲಿ ಹೆಂಡಿರು ಮಕ್ಕಳೊಡನೆ ಗಂಗೆಯಲ್ಲಿ ಇಳಿದು ಸಮುದ್ರ ಸೇರಿ ದ್ವೀಪವೊಂದರಲ್ಲಿ ನೆಲಸಿದರೆಂದು ಆ ಕಥೆ. ಪರದೇಶಕ್ಕೆ ಹೋಗುವ ಕಾರಣಗಳು ಎಲ್ಲ ಕಾಲಕ್ಕೂ ಅಷ್ಟೇನೂ ಉದಾತ್ತವಾಗಿರಲಿಲ್ಲವೆಂದಾಯಿತು.

ಹಡಗಿನ ಮೇಲಿನ ಲಾಂಛನಗಳನ್ನು ಕುರಿತು ಒಂದು ಆಕ್ಷೇಪವನ್ನು ಹೇಳದೆ ಬಿಡಲಾಗದು. ಪಟದ ಮೇಲೆ ಗಂಡಭೇರುಂಡ ಮತ್ತು ಸೂರ್ಯ; ಮುಂಗೋಟಿನಲ್ಲಿ ಸಿಂಹಯಾಳಿ; ಅಟ್ಟದ ಮೇಲೆ ಹರಪ್ಪದ ಮಾದರಿಯ ಕಲ್ಲಿನ ಲಂಗರು. ಬಳ್ಳಿಗಾವೆಯ ಪ್ರಸಿದ್ಧವಾದ ಭೇರುಂಡಸ್ತಂಭ 1047ರದು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ, ಅನಂತರ ಮೈಸೂರರಸರ ಮುದ್ರೆಯಲ್ಲಿ, ಈಗ ರಾಜ್ಯದ ಲಾಂಛನದಲ್ಲಿ ಅದು ಕಾಣುತ್ತದೆ. ಅಜಂತೆಯ ಎರಡನೆಯ ಗುಹೆಯಲ್ಲಿ ಪೂರ್ಣಾವದಾನದ ಕಥೆಯನ್ನು ಬರೆದ ಚಿತ್ರಕಾರನು ಮೂರು ಕೂವೆಗಂಬಗಳ ಹಡಗನ್ನು ಚಿತ್ರಿಸಿದಾಗ ಅದರ ಪಟದಲ್ಲಿ ಈ ಹಕ್ಕಿಯಿರಲಿಲ್ಲ. ಮೂರು ಸಾವಿರ ವರ್ಷಗಳ ಅಂತರದ ಚಿಹ್ನೆಗಳನ್ನು ಒಂದೇ ಒಡಲಿನ ಮೇಲೆ ಕೂಡಿಸಿದರೆ ಉತ್ಸವಕ್ಕೆ ಒಪ್ಪೀತು, ಇತಿಹಾಸಕ್ಕೆ ಒಪ್ಪದು. ಕೌಂಡಿನ್ಯವು ಐದನೆಯ ಶತಮಾನದ ಹಡಗು ಹೀಗೆಯೇ ಇದ್ದಿತೆಂಬುದಕ್ಕೆ ಪ್ರಮಾಣವಲ್ಲ. ಇಂಥ ಹಡಗು ತೇಲೀತು, ಚೌಕಪಟದಿಂದಲೂ ಹುಟ್ಟಿನಿಂದಲೂ ತೆರೆದ ಕಡಲನ್ನು ದಾಟೀತು ಎಂಬುದಕ್ಕೆ ಪ್ರಮಾಣ. ಈ ಎರಡನೆಯ ಪ್ರಮಾಣವೇನೂ ಅಲ್ಪವಲ್ಲ. ಅದನ್ನು ಗಳಿಸಿದವರು ಲಾಂಛನಗಳನ್ನು ಆರಿಸಿದವರಲ್ಲ, ಹಗ್ಗ ಹಿಡಿದ ಹದಿನೇಳು ಮಂದಿ ಮತ್ತು ಹುರಿ ಬಿಗಿದ ಕುಶಲಿಗಳು.

ಇಲ್ಲಿಯೇ ಕನ್ನಡ ಕರಾವಳಿಯ ನಷ್ಟದ ಮಾತೂ ಬರುತ್ತದೆ. ಹೊಲಿದ ದೋಣಿಯೆಂಬುದು ಅಜಂತೆಯ ಗೋಡೆಯ ಮೇಲೆ ಮಾತ್ರ ಉಳಿದ ವಸ್ತುವಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಬಂಗುಡೆ ತಾರ್ಲಿಗಳ ಕಾಲದಲ್ಲಿ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಾಂಪಣಿ ಬಲೆಯನ್ನು ಕಡಲಿಗೆ ಒಯ್ಯುತ್ತಿದ್ದ ಅಗಲವಾದ ದೋಣಿಯು ಕತ್ತದ ಹುರಿಯಿಂದ ಹೊಲಿದದ್ದೇ ಆಗಿತ್ತು. 1970ರ ದಶಕದ ಮಧ್ಯದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದಿತು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸಿಕ್ಕಿಬಿದ್ದಿತು. ಕೆಲವೇ ವರ್ಷಗಳಲ್ಲಿ ರಾಂಪಣಿ ಕಣ್ಮರೆಯಾಗುತ್ತ ಬಂದಿತು. ಅದೇ ದಶಕದಿಂದ ಆ ತೀರದ ತರುಣರು ದುಡಿಮೆಗಾಗಿ ಮಸ್ಕತ್ತಿಗೂ ಕೊಲ್ಲಿಯ ಇತರ ಪಟ್ಟಣಗಳಿಗೂ ವಿಮಾನದಲ್ಲಿ ಹೋಗತೊಡಗಿದರು. ರಾಂಪಣಿಯ ಪಾಲುಗಾರಿಕೆಯ ಪದ್ಧತಿಯನ್ನೂ ಬಲೆಗಳ ಜಗಳವನ್ನೂ ಕುರಿತು ಬರಹಗಳಿವೆ. ದೋಣಿ ಹೊಲಿಯುವಾಗ ಹುರಿಯ ಒಂದೊಂದು ಸುತ್ತಿಗೆ, ಅಂಚಿನ ಒಂದೊಂದು ರಂಧ್ರಕ್ಕೆ, ನಾರನ್ನು ಒತ್ತುವ ಕೋಲಿಗೆ ಆ ತೀರದ ಕನ್ನಡ, ಕೊಂಕಣಿ, ತುಳುಗಳಲ್ಲಿ ಇದ್ದ ಮಾತುಗಳನ್ನು ಕೂಡಿಹಾಕುವ ಕೆಲಸ ಅದರ ಪಕ್ಕದಲ್ಲಿ ನಡೆಯಬೇಕಾಗಿದ್ದುದು. ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಹಡಗನ್ನು ಹೊಲಿಯುವುದಕ್ಕೆ ಕೈಗಳು ಕೇರಳದಿಂದ ಬಂದವು. ಆ ನೌಕಾನೆಲೆಯ ಹೊರಗಿನ ಮರಳಿನ ಮೇಲೆ ಇಂದು ಕವುಚಿ ಹಾಕಿರುವ ದೋಣಿಗಳು ಹೆಚ್ಚಿನವು ಫೈಬರಿನವು. ಅವುಗಳಲ್ಲಿ ಹೊಲಿಗೆಯೂ ಇಲ್ಲ, ಮೊಳೆಯೂ ಇಲ್ಲ. ಹೊಲಿದ ದೋಣಿಯಲ್ಲಿ ಬಲೆ ಹಾಕಿದವರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಅತಿ ಕಿರಿಯರಿಗೂ ಈಗ ಅರವತ್ತು ದಾಟಿದೆ.